ಕುಂಕುಮ ಹಚ್ಚಿಕೊಂಡು ಗುಲಬರ್ಗಾಕ್ಕೆ

ನಮ್ಮೂರ ಸ್ಟೇಷನ್ ಎಂದರೆ ದೊಡ್ಡದೇನಲ್ಲ. ಶಹಾಬಾದ್ ಕಲ್ಲಿನ ಒಂದು ಕೋಣೆ, ಒಂದು ಬೇವಿನ ಮರ, ಗಂಟೆಯೆಂದು ತೂಗುಹಾಕಿದ ಹಳಿಯ ತುಂಡು. ಮದ್ರಾಸ್ ಮೇಲ್ ನಮ್ಮನ್ನು ಕಂಡೂ ಕಾಣದಂತೆ ಹೋಗುತ್ತಿತ್ತು. ನಿಲ್ಲುತ್ತಿದ್ದದ್ದು ಪ್ಯಾಸಿಂಜರ್ ಮಾತ್ರ. ಅದು ನಿಂತಾಗ ನಾವು ಹುಡುಗ ಹುಡುಗಿಯರು ಇಂಜಿನಿನಿಂದ ಬಿದ್ದ ಕಲ್ಲಿದ್ದಲು ಆರಿಸುತ್ತಿದ್ದೆವು. ಡ್ರೈವರ್ ಬೈಯುತ್ತಿದ್ದ. ಅವನು ಹೋದ ಮೇಲೆ ಆ ಬೈಗುಳಗಳನ್ನು ಅವನ ಧಾಟಿಯಲ್ಲೇ ಹೇಳಿ ನಗುತ್ತಿದ್ದೆವು.

ನನ್ನಪ್ಪ ಮಾಪಣ್ಣ ಗ್ಯಾಂಗಿನಲ್ಲಿದ್ದ, ಹಳಿ ಸರಿಪಡಿಸುವ ಕೆಲಸ. ಪಕ್ಕದ ಮನೆಯ ನಬಿಸಾಬ್ ಸಿಗ್ನಲ್ ದೀಪದವನು. ಸಂಜೆ ಕಂಬ ಹತ್ತಿ ದೀಪ ಇಡಬೇಕು, ಬೆಳಿಗ್ಗೆ ಇಳಿಸಿ ತರಬೇಕು. ಆತನ ಹೆಂಡತಿ ಮೆಹರುನ್ನಿಸಾಳನ್ನು ನಾನು ಚಿಕ್ಕಮ್ಮನೆಂದು ಖಾಲಾ ಅನ್ನುತ್ತಿದ್ದೆ. ಅವಳ ತವರೂ ಕಮಲಾಪುರ, ನನ್ನವ್ವ ಬಂಡೆಮ್ಮನ ತವರೂ ಕಮಲಾಪುರ. ಹೀಗಾಗಿ ನಡುವಿನ ಗೋಡೆ ಇದ್ದೂ ಇಲ್ಲದಂತಿತ್ತು. ಖಾಲಾನ ಕೂಸು ತೀರಿಕೊಂಡಾಗ ತಗ್ಗು ತೋಡಿದವನೂ ನನ್ನಪ್ಪನೇ.

‘ಇಲ್ಲಿ ಬಾಳೆಹಣ್ಣು ತಿಂದು ಬಾಯಿ ಕೆಟ್ಟು ಹೋಯ್ತು ನೋಡಕ್ಕಾ. ನಮ್ಮೂರ ಕೆಂಪು ಹಣ್ಣೆಲ್ಲಿ, ಇದೆಲ್ಲಿ’ ಅನ್ನುತ್ತಿದ್ದಳು ಖಾಲಾ.

‘ಹಂಗಾದ್ರ ಬಾಳಿ ತೋಟದವನ್ನ ಮಾಡ್ಕೋಬೇಕಿತ್ತು. ದೀಪ ಹಚ್ಚಾವನ್ನ ಮಾಡ್ಕೊಂಡೀದಿ, ಎಣ್ಣಿ ಕುಡಿ’ ಅನ್ನುತ್ತಿದ್ದಳು ಅವ್ವ.

ಪಂಚಮಿಗೆ ಬಳೆಗಾರ ಬಂದಾಗ ಇಬ್ಬರೂ ಒಟ್ಟಿಗೇ ಕೂತು ಹಸಿರು ಬಳೆ ಇಡಿಸಿಕೊಳ್ಳುವರು. ಬಳೆ ಇಟ್ಟುಕೊಂಡವರು ಹಿರಿಯ ಮುತ್ತೈದೆಗೆ ಬಾಗಬೇಕು, ಅವಳು ‘ನೂರು ವರ್ಷ ಮುತ್ತೈದಿಯಾಗಿ ಬಾಳು’ ಅನ್ನಬೇಕು. ಖಾಲಾ ಕೂಡ ಸೆರಗು ಹೊದ್ದು ಬಾಗುವಳು. ‘ನನಗೂ ಹೇಳಕ್ಕಾ, ನಮ್ಮವರು ಕಂಬ ಹತ್ತಾವರು’ ಅನ್ನುವಳು. ಅವ್ವ ಹೇಳುವಳು. ಪ್ರತಿ ವರ್ಷ ಹೀಗೆಯೇ ನಡೆಯುತ್ತಿತ್ತು.

ರಜಾಕಾರರ ಕಾಲದಲ್ಲಿ ಹೆದರಿ ಜೋಳದ ಹೊಲದಲ್ಲಿ ಅಡಗುತ್ತಿದ್ದವರು ನಾವು. ಪೊಲೀಸ್ ಆ್ಯಕ್ಷನ್ ಆಯಿತು, ಸೈನ್ಯ ಗುಲಬರ್ಗಾ ದಾಟಿ ಹೋಯಿತು. ಆಮೇಲೆ ಹೆದರುವ ಸರದಿ ಖಾಲಾನ ಮನೆಯವರದಾಯಿತು. ನಬಿಸಾಬ್ ಯಾವ ರಜಾಕಾರನ ಸಂಗಡವೂ ತಿರುಗಿದವನಲ್ಲ. ಗಾಡಿಗಳು ನಿಂತುಹೋದರೂ ದೀಪ ಇಡುವುದನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ದೀಪ ಇಳಿಸಲು ಹೋದವನನ್ನು ಬೇರೆ ಊರಿನಿಂದ ಬಂದವರು ಕಂಬದ ಕೆಳಗೇ ಕಡಿದರು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ನಾನು ನೋಡಿದೆ. ಕಂದೀಲು ಒಡೆದಿರಲಿಲ್ಲ, ಅಡ್ಡ ಬಿದ್ದಿತ್ತು. ಅದನ್ನು ಎತ್ತಿ ನೆಟ್ಟಗಿಟ್ಟೆ. ಯಾಕೆ ಅಂತ ಗೊತ್ತಿಲ್ಲ.

ಅಪ್ಪ ಮತ್ತು ಗ್ಯಾಂಗಿನವರು ಅಲ್ಲೇ ಮಣ್ಣು ಮಾಡಿ ಬಂದರು. ಮನೆಗೆ ಬಂದು ಅಪ್ಪ ಖಾಲಾಗೆ ಹೇಳಿದ್ದು ಬೇರೆ: ‘ನಬಿಸಾಬ್ ಲೈನ್ ಹಿಡಿದು ಗುಲಬರ್ಗಾಕ್ಕ ಹೋಗ್ಯಾನ ತಂಗಿ. ಗಾಜಿಪುರದಾಗ ನಿಮ್ಮಕ್ಕನ ಮನ್ಯಾಗ ಇರ್ತೀನಿ ಅಂದಾನ. ಗಾಡಿ ಚಾಲೂ ಆದ ಕೂಡ್ಲೆ ನಿನ್ನೂ ಕಳಸ್ತೀವಿ.’ ಒಳಗೆ ಅವ್ವನಿಗೆ ಪಿಸುಗುಟ್ಟಿದ, ‘ಈಗ ಹೇಳಿದ್ರ ಒದರ್ತಾಳ. ಒದರಿದ್ರ ಅಕಿನೂ ಉಳ್ಯಂಗಿಲ್ಲ.’

ಗಾಡಿ ಶುರುವಾದ ದಿನ ಅವ್ವ ಖಾಲಾಗೆ ತನ್ನ ಸೀರೆ ಉಡಿಸಿದಳು, ಕೆನ್ನೆಗೆ ಅರಿಶಿನ ಬಳಿದಳು, ಹಣೆಗೆ ದೊಡ್ಡ ಕುಂಕುಮ ಇಟ್ಟಳು. ತುಂಬಿದ ಬಸುರಿಯಾಗಿದ್ದ ಅವ್ವ ತಾನು ಬರುವಂತಿರಲಿಲ್ಲ, ನನ್ನನ್ನು ಜೊತೆಗೆ ಹಚ್ಚಿದಳು. ‘ಮಾನೀ, ಖಾಲಾ ಅನಬ್ಯಾಡ. ಚಿಗವ್ವ ಅನ್ನು.’ ಕೊನೆಗೆ ತನ್ನ ಕೈಯ ಹಸಿರು ಬಳೆ ತೆಗೆದು ಖಾಲಾನ ಕೈಗೆ ಏರಿಸಿದಳು.

ಖಾಲಾ ರೂಢಿಯಂತೆ ಬಾಗಿದಳು.

ಅಷ್ಟು ದಿನ ‘ಹೋಗ್ಯಾನ, ಚಲೋ ಅದಾನ’ ಅಂತ ಸುಳ್ಳು ಹೇಳಿದ ಅವ್ವನ ಬಾಯಿಗೆ ಆ ಹರಕೆಯ ಮಾತು ಬರಲಿಲ್ಲ. ಗಂಡ ಸತ್ತವಳಿಗೆ ನಮ್ಮ ಕಡೆ ಯಾರೂ ಹಾಗನ್ನಲಾರರು. ಖಾಲಾ ಬಾಗಿಯೇ ಇದ್ದಳು. ಹೊರಗೆ ಗ್ಯಾಂಗಿನವನೊಬ್ಬ ಕೆಮ್ಮಿದ. ಆಮೇಲೆ ಖಾಲಾ ನಿಧಾನ ಎದ್ದು ಅವ್ವನ ಮುಖ ನೋಡಿದಳು, ಅವ್ವ ಕುಂಕುಮದ ಬಟ್ಟಲನ್ನು ನೋಡಿದಳು. ಖಾಲಾ ‘ಗಾಡಿ ಹೊತ್ತಾಯ್ತು, ನಡಿ ಮಾನೀ’ ಅಂದಳು.

ಅಪ್ಪ ನಮ್ಮನ್ನು ಹತ್ತಿಸಿ ಕಿಟಕಿಯ ಹತ್ತಿರ ಬಂದ. ಖಾಲಾ ಅವನನ್ನು ನೋಡಲಿಲ್ಲ.

ಡಬ್ಬಿಯಲ್ಲಿ ಬಡಿಗೆ ಹಿಡಿದ ಮೂರು ನಾಲ್ಕು ಮಂದಿ ಇದ್ದರು. ಒಬ್ಬ ನಮ್ಮ ಎದುರಿಗೇ ಬಂದು ಕೂತ. ಅಗಲ ಮುಖ, ಬಾಯಿ ತುಂಬ ಎಲೆ.

‘ಯಾವೂರವ್ವ?’

‘ಕಮಲಾಪುರ’ ಅಂದಳು ಖಾಲಾ.

‘ಯಾರ ಪೈಕಿ?’

‘ಗುಂಡಣ್ಣನ ಮಗಳ್ರಿ.’ ಅದು ನನ್ನಜ್ಜನ ಹೆಸರು.

‘ಯಾವ ಗುಂಡಣ್ಣ? ಕಮಲಾಪುರದಾಗ ಕಲ್ಲೆಸೆದ್ರ ಗುಂಡಣ್ಣಗ ಬೀಳ್ತದ.’

‘ಕೆಳಗಿನ ಕೇರಿ ಗುಂಡಣ್ಣ ರೀ.’

ಅವನು ಚಾಚಿದ್ದ ಕಾಲು ಎಳೆದುಕೊಂಡ, ಧೋತರ ಒಟ್ಟುಮಾಡಿಕೊಂಡ. ‘ಮೊದಲೇ ಹೇಳಬಾರದೇನು’ ಅನ್ನುತ್ತ ಎದ್ದು ಆಚೆ ಬಾಗಿಲ ಹತ್ತಿರ ಹೋಗಿ ಕೂತ. ಅವನ ಗೆಳೆಯರು ನಕ್ಕರು. ‘ಏನ್ ಗೌಡ್ರ, ಎದುರಿಗೆ ಕೂತೇ ಬಿಟ್ಟಿದ್ರಿ, ಮನಿಗೆ ಹೋಗಿ ಜಳಕ ಮಾಡ್ರಿ.’ ಮತ್ತೆ ಯಾರೂ ನಮ್ಮ ಹತ್ತಿರ ಬರಲಿಲ್ಲ. ನನಗೆ ಆವತ್ತು ಸಿಟ್ಟೂ ಬರಲಿಲ್ಲ, ನಗೆಯೂ ಬರಲಿಲ್ಲ.

ಗಾಡಿ ಸಿಗ್ನಲ್ ಕಂಬ ದಾಟುವಾಗ ನಾನು ಹೊರಗೆ ನೋಡಿದೆ. ಹೊಸ ಮಣ್ಣು ಕಂಡಿತು. ಖಾಲಾ ನನ್ನ ಮುಖ ನೋಡುತ್ತಿದ್ದಳು. ನಾನು ಎತ್ತ ನೋಡಿದೆನೋ ಅತ್ತ ತಾನೂ ನೋಡಿದಳು. ಕಂಬ ಹಿಂದಾಯಿತು. ಅವಳ ಕೈ ನನ್ನ ಕೈಯಲ್ಲಿತ್ತು, ಬೇರೆ ಯಾರದೋ ಕೈಯನ್ನು ನನ್ನ ಹತ್ತಿರ ಇಟ್ಟು ಹೋದಂತಿತ್ತು. ಗುಲಬರ್ಗಾ ಬರುವತನಕ ಹಾಗೇ ಕೂತಳು. ಒಮ್ಮೆ ಮಾತ್ರ, ಆ ಗೌಡ ಇತ್ತ ತಿರುಗಿದಾಗ, ‘ಹಸಿವಾಯ್ತೇನ ಮಗಳ’ ಅಂದಳು, ಕಮಲಾಪುರದ ಹೆಂಗಸರ ದನಿಯಲ್ಲೇ. ‘ಇಲ್ಲ ಚಿಗವ್ವ’ ಅಂದೆ.

ಗಾಜಿಪುರದ ಗಲ್ಲಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಅವಳ ಅಕ್ಕ ನೂರಜಹಾನ್ ಬಾಗಿಲು ಒಂಚೂರು ಸರಿಸಿ ನೋಡಿದಳು, ಕುಂಕುಮ ಕಂಡು ಮತ್ತೆ ಮುಚ್ಚಿದಳು. ‘ಆಪಾ, ಮೈ ಮೆಹರು’ ಅಂತ ಖಾಲಾ ಮೆಲ್ಲಗೆ ಅಂದಾಗ ತೆರೆದಳು. ಒಳಗೆ ಎಳೆದುಕೊಂಡವಳೇ, ‘ನಬಿಭಾಯಿ ಎಲ್ಲಿ?’ ಅಂದಳು.

ಖಾಲಾ ಚಾಪೆಯ ಮೇಲೆ ಕೂತು ನನ್ನನ್ನು ಮುಂದೆ ನಿಲ್ಲಿಸಿಕೊಂಡಳು.

‘ಮಾನೀ, ಯಾರು ಮಣ್ಣು ಮಾಡಿದ್ರು?’

‘ಅಪ್ಪ. ಗ್ಯಾಂಗಿನವರು.’

‘ನೀ ನೋಡಿದೀ?’

‘ಹೂಂ.’

‘ತಲಿ ಯಾವ ಕಡೆ ಇಟ್ರು?’

‘ಸೊಲ್ಲಾಪುರದ ಕಡೆ’ ಅಂದೆ. ‘ಅಪ್ಪ ಹೇಳಿದ, ನಿಮ್ಮ ಕೂಸಿಗೆ ತಗ್ಗು ತೋಡಿದಾಗ ಹಂಗೇ ಇಟ್ಟಿದ್ರು ಅಂತ.’

ಅವಳು ಕೈಯಿಂದ ಚಾಪೆಯ ಮೇಲೆ ಹಳಿಯನ್ನು ಎಳೆದು ನೋಡಿದಳು. ಇತ್ತ ಸೊಲ್ಲಾಪುರ, ಇತ್ತ ವಾಡಿ, ಆ ಕಡೆ ಸೂರ್ಯ ಮುಳುಗುವುದು. ಅವರಲ್ಲಿ ಹೆಣದ ತಲೆ ಉತ್ತರಕ್ಕೆ, ಮುಖ ಪಡುವಣಕ್ಕೆ ಇರಬೇಕು.

‘ಮಾರಿ?’

‘ಮಾರಿ ಮ್ಯಾಲ ಅಪ್ಪನ ರುಮಾಲ ಇತ್ತು. ಯಾವ ಕಡೆ ತಿರುಗಿತ್ತೋ ಕಾಣಲಿಲ್ಲ.’

‘ಆಯ್ತು’ ಅಂದಳು ಖಾಲಾ. ನೂರಜಹಾನ್ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದ್ದಳು. ಖಾಲಾ ಅವಳತ್ತ ತಿರುಗಿ, ‘ಆಪಾ, ಈ ಕೂಸು ಬೆಳಿಗ್ಗಿಂದ ಉಂಡಿಲ್ಲ. ರೊಟ್ಟಿ ಅದಾವೇನು ನೋಡು’ ಅಂದಳು.