ಅಜ್ಜಿಯ ಜ್ವರ

ದೊಡ್ಡವಳ ಹತ್ತಿರ ಎರಡು ಬಗೆಯ ಪಾಠಗಳಿದ್ದವು. ಇಪ್ಪತ್ತೊಂದು ವರ್ಷ ಕಂಪ್ಯೂಟರ್ ಕೆಲಸದಲ್ಲಿ ಕುರ್ಚಿ ಅಲುಗದಂತೆ ಕೂರಲು ತಾನು ನಡೆಸಿಕೊಂಡು ಬಂದದ್ದು ಒಂದು. ವೇದಿಕೆ ಹತ್ತಿಸಿ ಕೈಗೆ ಮೈಕು ಕೊಟ್ಟಾಗ ಹೇಳುವುದು ಇನ್ನೊಂದು. ಎರಡೂ ಎಂದೂ ಮುಖಾಮುಖಿ ಆಗದಂತೆ ಅವಳು ನೋಡಿಕೊಂಡಿದ್ದಳು.

ಆ ವರ್ಷವೂ ಕಂಪನಿಯವರು ಹೊಸದಾಗಿ ಸೇರಿದವರನ್ನೆಲ್ಲ ಹಾಲ್‌ನಲ್ಲಿ ಕೂರಿಸಿ, ಈ ಕೆಲಸದಲ್ಲಿ ಬಹುಕಾಲ ಬಾಳುವುದು ಹೇಗೆಂದು ನಾಲ್ಕು ಮಾತು ಹೇಳಿ ಎಂದು ಅವಳನ್ನು ಕರೆದರು. ಅವಳು ಮೂರೇ ಹೇಳಿದಳು. ಗೊತ್ತಿಲ್ಲದ್ದನ್ನು ಎಲ್ಲರೆದುರೇ ಕೇಳಿ, ನಾಚಿಕೊಳ್ಳಬೇಡಿ. ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಡಿ, ತಾರೀಖು ಸಮೇತ. ತಪ್ಪು ಮಾಡಿದರೆ ಬೇರೆಯವರು ಹಿಡಿಯುವ ಮೊದಲು ನೀವೇ ಒಪ್ಪಿಕೊಳ್ಳಿ. ಚಪ್ಪಾಳೆಯೋ ಚಪ್ಪಾಳೆ. ಮೊದಲ ಸಾಲಿನಲ್ಲಿದ್ದ ಒಬ್ಬಳು ಮಾತ್ರ ತಟ್ಟಲಿಲ್ಲ, ಅವಳ ಕೈಗೆ ಬಿಡುವಿರಲಿಲ್ಲ. ತಲೆ ಬಗ್ಗಿಸಿಕೊಂಡು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ಅವಳೇ ಚಿಕ್ಕವಳು, ದೊಡ್ಡವಳ ಮೈದುನನ ಹೆಂಡತಿ, ಅಂದರೆ ಓರಗಿತ್ತಿ.

ಒಂದೇ ಮನೆ, ಒಂದೇ ಅಡುಗೆಮನೆ. ಬೆಳಗ್ಗೆ ಏಳಕ್ಕೆ ಆಫೀಸಿನ ಗಾಡಿ ಬರುತ್ತದೆಂದು ಮನೆಯ ಮೊದಲ ಲೋಟ ಕಾಫಿ ದೊಡ್ಡವಳಿಗೆ. ಅತ್ತೆ ತಾವೇ ತಂದು ಮೇಜಿನ ಮೇಲಿಡುತ್ತಿದ್ದರು. ಮಗಳನ್ನು ಹೆತ್ತು ಏಳು ವರ್ಷ ಮನೆಯಲ್ಲಿದ್ದ ಚಿಕ್ಕವಳಿಗೆ ಕೊನೆಯ ಲೋಟ, ಅದೂ ಆರಿದ್ದು. ತರಕಾರಿ ಹೆಚ್ಚುವುದು, ಮಗುವಿನ ಡಬ್ಬಿ, ಅತ್ತೆಯ ಕಾಲಿಗೆ ಎಣ್ಣೆ, ಎಲ್ಲ ಚಿಕ್ಕವಳದೇ. ಹೀಗೇ ಸಾಗಬೇಕೆಂದು ದೊಡ್ಡವಳ ಆಸೆ. ತಪ್ಪೇನು, ಬಿಸಿ ಕಾಫಿ ಯಾರಿಗೆ ಬೇಡ? ಅಂಥದ್ದರಲ್ಲಿ ಒಂದು ದಿನ ಚಿಕ್ಕವಳು ಯಾರಿಗೂ ಹೇಳದೆ ಪರೀಕ್ಷೆ ಬರೆದು, ಅದೇ ಕಂಪನಿಗೆ, ಅದೇ ಮಹಡಿಗೆ, ಕೊನೆಗೆ ಅಜ್ಜಿಯ ಕೆಲಸಕ್ಕೇ ಬಂದು ಕೂತಳು.

ಅಜ್ಜಿ ಎಂದರೆ ಮನೆಯ ಅಜ್ಜಿಯಲ್ಲ. ಊರಿನ ನೀರಿನ ಪಂಪುಗಳನ್ನು ಸರದಿಯಂತೆ ನಡೆಸುವ ಹಳೇ ಪ್ರೋಗ್ರಾಮಿಗೆ ಆಫೀಸಿನವರಿಟ್ಟ ಹೆಸರು. ಬರೆದವರೆಲ್ಲ ಬಿಟ್ಟುಹೋಗಿ ಯಾವ ಕಾಲವಾಗಿತ್ತೋ. ವರ್ಷಕ್ಕೊಮ್ಮೆ ಅಜ್ಜಿಗೆ ಜ್ವರ ಬರುತ್ತಿತ್ತು. ಪಂಪು ನಿಲ್ಲುತ್ತಿದ್ದವು, ಫೋನುಗಳು ಬಡಿದುಕೊಳ್ಳುತ್ತಿದ್ದವು, ಮ್ಯಾನೇಜರುಗಳು ಬೆವರುತ್ತಿದ್ದರು. ಆಗ ದೊಡ್ಡವಳು ನಿಧಾನವಾಗಿ ಬಂದು, ಎಲ್ಲರನ್ನೂ ಹಿಂದೆ ಸರಿಸಿ, ನಲವತ್ತು ನಿಮಿಷದಲ್ಲಿ ಅಜ್ಜಿಯನ್ನು ಎಬ್ಬಿಸುತ್ತಿದ್ದಳು. ಏನು ಮಾಡಿದಿರಿ ಎಂದರೆ, "ಅದೆಲ್ಲ ಅನುಭವ, ಹೇಳೋಕೆ ಬರಲ್ಲ," ಎನ್ನುತ್ತಿದ್ದಳು.

ಹೇಳಲು ಚೆನ್ನಾಗಿಯೇ ಬರುತ್ತಿತ್ತು. ಅಜ್ಜಿಯ ಒಳಗೆ ಒಂದು ತಾರೀಖುಪಟ್ಟಿ ಇತ್ತು. ಮುಂದಿನ ದಿನಗಳನ್ನು ಅದಕ್ಕೆ ಕೈಯಾರೆ ತುಂಬಬೇಕು. ಪಟ್ಟಿ ಮುಗಿದ ದಿನ, ಬೆಳಗ್ಗೆ ಹನ್ನೊಂದರ ಸರದಿಗೆ, ಇವತ್ತು ಯಾವ ದಿನವೆಂದು ತಿಳಿಯದೆ ಅಜ್ಜಿ ಪಂಪು ನಿಲ್ಲಿಸಿ ಕೂತುಬಿಡುತ್ತಿದ್ದಳು. ಹತ್ತು ವರ್ಷದ ತಾರೀಖುಗಳನ್ನು ಒಂದೇ ಮಧ್ಯಾಹ್ನ ತುಂಬಿಸಿ ಮುಗಿಸಬಹುದಾಗಿತ್ತು. ದೊಡ್ಡವಳು ಒಂದೇ ವರ್ಷದ್ದು ತುಂಬುತ್ತಿದ್ದಳು, ಅದೂ ಬಡ್ತಿ ಪತ್ರ ಹಂಚುವ ವಾರಕ್ಕೆ ಸರಿಯಾಗಿ ಮುಗಿಯುವಂತೆ. ನಲವತ್ತು ನಿಮಿಷದಲ್ಲಿ ಮೂವತ್ತೆಂಟು ನಿಮಿಷ ಸುಮ್ಮನೆ ಕೀಲಿ ಕುಟ್ಟುತ್ತಿದ್ದಳು. ಎಂಟು ವರ್ಷ ಹೀಗೇ ನಡೆದಿತ್ತು.

ಕೆಲಸಕ್ಕೆ ಸೇರಿದರೂ ಮನೆಗೆಲಸವೂ ಕೊನೆಯ ಲೋಟವೂ ಚಿಕ್ಕವಳಿಗೆ ತಪ್ಪಲಿಲ್ಲ. ಸೇರಿದ ವಾರವೇ ಮನೆಯಲ್ಲಿ ಬಟ್ಟೆ ಮಡಚುತ್ತಾ ಕೇಳಿದಳು. "ಅಕ್ಕ, ನೀವು ಅವತ್ತು ಹೇಳಿದ್ರಲ್ಲ ಮೂರು ಮಾತು. ನಿಜವಾಗ್ಲೂ ಹಾಗೇ ನಡ್ಕೊಂಡ್ರಾ ಇಷ್ಟು ವರ್ಷ?"

"ಮತ್ತೆ ಸುಮ್ನೆ ಹೇಳ್ತೀನಾ? ಮನೆಯವಳು ಅಂತ ಹೇಳ್ತಿದೀನಿ, ಒಂದನ್ನೂ ಬಿಡಬೇಡ. ಬಾಯಿ ಮುಚ್ಕೊಂಡು ಕೂತ್ರೆ ದಡ್ಡಿ ಅಂದ್ಕೋತಾರೆ. ಮೀಟಿಂಗಲ್ಲೇ ಕೇಳು."

ಒಳಗೊಳಗೆ ಅವಳ ಲೆಕ್ಕ ಬೇರೆ. ಮೀಟಿಂಗಿನಲ್ಲಿ ಕೇಳುವವಳನ್ನು ದಡ್ಡಿ ಎನ್ನುತ್ತಾರೆ. ಬರೆದುಕೊಳ್ಳುವವಳ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ತಪ್ಪು ಒಪ್ಪಿಕೊಂಡವಳ ತಲೆಗೆ ಊರಿನ ತಪ್ಪನ್ನೆಲ್ಲ ಕಟ್ಟುತ್ತಾರೆ. ಆರು ತಿಂಗಳಲ್ಲಿ ಇವಳು ಗಂಟುಮೂಟೆ ಕಟ್ಟಿಕೊಂಡು ಮತ್ತೆ ಒಲೆ ಮುಂದೆ ನಿಲ್ಲುತ್ತಾಳೆ ಎಂದು ದೊಡ್ಡವಳು ನಿಶ್ಚಿಂತೆಯಿಂದ ಮಲಗಿದಳು.

ಮೊದಮೊದಲು ಹಾಗೇ ಆಯಿತು. ಚಿಕ್ಕವಳು ಕೈಯೆತ್ತಿದರೆ ಮೀಟಿಂಗಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅವಳ ನೋಟ್‌ಬುಕ್ಕು ಕಂಡರೆ ಮಾತು ನಿಲ್ಲುತ್ತಿತ್ತು. ಮೂರನೇ ತಿಂಗಳಲ್ಲಿ ಅವಳ ಕೈತಪ್ಪಿ ಒಂದು ಪಂಪು ಹತ್ತು ನಿಮಿಷ ನಿಂತಿತು. ಯಾರ ಗಮನಕ್ಕೂ ಬಂದಿರಲಿಲ್ಲ. ಬಿಳಿಚಿಕೊಂಡು ಓಡಿಬಂದು ದೊಡ್ಡವಳ ಪಕ್ಕ ಕೂತಳು.

"ಏನ್ಮಾಡ್ಲಿ ಅಕ್ಕ?"

"ಎಲ್ರಿಗೂ ಮೇಲ್ ಹಾಕು. ಇಸ್ತ್ರಿಗೂ ಹಾಕು. ಮುಚ್ಚಿಟ್ರೆ ಕೆಟ್ಟದಾಗತ್ತೆ."

ಇಸ್ತ್ರಿ ಎಂದರೆ ಹೊಸ ಮ್ಯಾನೇಜರು. ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ, ಮುಖದಲ್ಲೂ ಅಷ್ಟೇ. ಅವರು ಚಿಕ್ಕವಳನ್ನು ಇಪ್ಪತ್ತು ಜನರೆದುರು ನಿಲ್ಲಿಸಿ, "ಏಳು ವರ್ಷ ಮನೇಲಿ ಕೂತು ಬಂದವರಿಗೆ ಪಂಪು ಯಾವುದು ಮಿಕ್ಸಿ ಯಾವುದು ಗೊತ್ತಾಗಲ್ಲ," ಎಂದರು. ಎಲ್ಲರೂ ನಕ್ಕರು. ದೊಡ್ಡವಳೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಚಿಕ್ಕವಳು ಬಾತ್‌ರೂಮಿಗೆ ಓಡಿದಳು. ದೊಡ್ಡವಳು ಹಿಂದೆಯೇ ಹೋದಳು. ಬಾಗಿಲು ಹಾಕಿತ್ತು. ಒಳಗೆ ಬಾಯಿಗೆ ಸೆರಗೋ ಕರವಸ್ತ್ರವೋ ತುರುಕಿಕೊಂಡು ಅಳುವ ಸದ್ದು. ದೊಡ್ಡವಳು ಬಾಗಿಲ ಮುಂದೆ ನಿಂತು ಕೇಳಿಸಿಕೊಂಡಳು. ತಟ್ಟಲಿಲ್ಲ. ಅಯ್ಯೋ ಅನ್ನಿಸಲೂ ಇಲ್ಲ. ಖುಷಿಯಾಯಿತು, ನಿಜ ಹೇಳಬೇಕೆಂದರೆ ಬಹಳ ದಿನದ ಮೇಲೆ ಮೈಯೆಲ್ಲ ಹಗುರಾಗುವಷ್ಟು ಖುಷಿಯಾಯಿತು. ಕೈ ತೊಳೆದುಕೊಂಡು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಹೊರಗೆ ಬಂದಳು.

ಆದರೆ ಚಿಕ್ಕವಳು ಬಿಡಲಿಲ್ಲ. ಮಾರನೆಯ ದಿನ ಮತ್ತೆ ಕೈಯೆತ್ತಿದಳು, ಮತ್ತೆ ಬರೆದಳು. ಅಜ್ಜಿಯ ಬಗ್ಗೆ ಒಂದು ಪುಸ್ತಕ ಮಾಡುತ್ತೇನೆಂದು ಹೇಳಿ, ಹಳೇ ಫೈಲುಗಳನ್ನೆಲ್ಲ ಕೆದಕತೊಡಗಿದಳು. ನೀರು ನಿಂತು ದೂರು ಕೊಟ್ಟಿದ್ದವರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ನಿಮಗೇನು ತೊಂದರೆಯಾಯಿತು ಎಂದು ಕೇಳುತ್ತಿದ್ದಳು. ಮುಗಿದುಹೋದ ಜ್ವರದ ಕತೆ ಈಗ್ಯಾಕೆ ಎಂದು ದೊಡ್ಡವಳು ನಕ್ಕು ಸುಮ್ಮನಾದಳು. ಬರೆಯಲಿ, ಬರೆದು ಬರೆದು ಕೈ ಸೋಲಲಿ.

ಅಷ್ಟರಲ್ಲಿ ಇಸ್ತ್ರಿ ಸುದ್ದಿ ತಂದರು. ಅಜ್ಜಿಗೆ ಇನ್ನು ಮುಂದೆ ಇಬ್ಬರು ಬೇಡ, ಒಬ್ಬರು ಸಾಕು. ಯಾರೆಂದು ಮುಂದಿನ ವಾರ ತೀರ್ಮಾನ. ನಲವತ್ತೇಳು ದಾಟಿದವಳನ್ನು ಬೇರೆಲ್ಲೂ ಬಾಗಿಲೊಳಗೆ ಬಿಡುವುದಿಲ್ಲವೆಂದು ದೊಡ್ಡವಳಿಗೆ ಗೊತ್ತಿತ್ತು. ಈ ಕುರ್ಚಿ ಹೋದರೆ ಕುರ್ಚಿಯೇ ಇಲ್ಲ, ಮನೆಯ ಮೊದಲ ಲೋಟವೂ ಇಲ್ಲ. ಆದರೂ ಹೆದರಲಿಲ್ಲ. ಮಂಗಳವಾರ ಹನ್ನೊಂದಕ್ಕೆ ಅಜ್ಜಿಗೆ ಜ್ವರ ಬರುವುದಿತ್ತು. ಮೊದಲು ಚಿಕ್ಕವಳು ಒದ್ದಾಡಲಿ, ಇಸ್ತ್ರಿಯ ಅಂಗಿ ಬೆವರಲ್ಲಿ ನೆನೆಯಲಿ, ಆಮೇಲೆ ತಾನು ಹೋದರಾಯಿತು.

ಮಂಗಳವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವಳು ಎದ್ದು ಕ್ಯಾಂಟೀನಿಗೆ ಹೋದಳು. ಕಿಟಕಿ ಪಕ್ಕ ಕೂತು ಟೀ ತರಿಸಿಕೊಂಡು, ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಳು. ಹನ್ನೊಂದಾಯಿತು. ಹನ್ನೊಂದೂ ಐದಾಯಿತು. ಯಾರೂ ಕರೆಯಲಿಲ್ಲ. ಮೊದಲು ಎಲ್ಲರೂ ಗಾಬರಿಯಲ್ಲಿದ್ದಾರೆ ಅಂದುಕೊಂಡಳು. ಹನ್ನೊಂದೂಕಾಲಿಗೆ ಫೋನು ಕೆಟ್ಟಿದೆಯೇನೋ ಎಂದು ಗಂಡನಿಗೆ ರಿಂಗ್ ಕೊಟ್ಟು ನೋಡಿದಳು. ಅವನು ಎತ್ತಿ, "ಏನೇ?" ಎಂದ. ಏನಿಲ್ಲ ಎಂದು ಇಟ್ಟಳು. ಕ್ಯಾಂಟೀನಿನ ಸಿಂಕಿನಲ್ಲಿ ಒಬ್ಬ ತಟ್ಟೆ ತೊಳೆಯುತ್ತಿದ್ದ. ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತಿತ್ತು.

ಮೇಲೆ ಬಂದರೆ ಎಲ್ಲರೂ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರು. ದೊಡ್ಡವಳು ಕೂತು, ಅಜ್ಜಿಯ ಪಟ್ಟಿ ತೆಗೆದಳು. ಹತ್ತು ವರ್ಷದ ತಾರೀಖುಗಳು ಸಾಲಾಗಿ ನಿಂತಿದ್ದವು. ತುಂಬಿದವರ ಹೆಸರು ಚಿಕ್ಕವಳದು. ಹಿಂದಿನ ಗುರುವಾರವೇ ಮುಗಿಸಿದ್ದಳು.

ಇಸ್ತ್ರಿ ಕೋಣೆಗೆ ಕರೆದರು. ಚಿಕ್ಕವಳು ಆಗಲೇ ಅಲ್ಲಿ ಕೂತಿದ್ದಳು. ಮೇಜಿನ ಮೇಲೆ ದಪ್ಪನೆಯ ಪುಸ್ತಕ. ಮೊದಲ ಪುಟದಲ್ಲಿ, "ಎಲ್ಲವನ್ನೂ ಬರೆದಿಡಲು ಕಲಿಸಿದ ಅಕ್ಕನಿಗೆ," ಎಂದಿತ್ತು.

"ನಲವತ್ತನೇ ಪುಟ ನೋಡಿ ಮೇಡಂ," ಎಂದರು ಇಸ್ತ್ರಿ.

ಎಂಟು ಜ್ವರಗಳ ಪಟ್ಟಿ ಅದು. ಜ್ವರದ ತಾರೀಖು, ಅದರ ಪಕ್ಕ ಆ ವರ್ಷ ಬಡ್ತಿ ಪತ್ರ ಹಂಚಿದ ತಾರೀಖು. ಎರಡರ ನಡುವೆ ಒಮ್ಮೆ ಮೂರು ದಿನ, ಒಮ್ಮೆ ನಾಲ್ಕು, ಹೆಚ್ಚೆಂದರೆ ಐದು. ಅದರ ಪಕ್ಕ ಪಟ್ಟಿ ಮುಟ್ಟಿದವರ ಹೆಸರು. ಎಂಟೂ ಸಲ ಒಂದೇ ಹೆಸರು, ಅಜ್ಜಿಯೇ ಬರೆದಿಟ್ಟುಕೊಂಡಿದ್ದಳು. ಕೊನೆಯ ಅಂಕಣದಲ್ಲಿ ಯಾರಿಗೆ ಏನು ತೊಂದರೆಯಾಯಿತೆಂದು ಇತ್ತು. ಹೋದ ವರ್ಷದ ಎದುರು: ಆಸ್ಪತ್ರೆಯ ಡಯಾಲಿಸಿಸ್ ಕೋಣೆ, ಹನ್ನೊಂದು ಜನರನ್ನು ಅರ್ಧದಲ್ಲೇ ಯಂತ್ರದಿಂದ ಬಿಡಿಸಬೇಕಾಯಿತು, ಫೋನಿನಲ್ಲಿ ಹೇಳಿದವರು ಅಲ್ಲಿನ ನರ್ಸ್.

"ಪ್ರತಿ ವರ್ಷ ಮರೆತುಬಿಡ್ತಿದ್ರಿ ಅನ್ಸತ್ತೆ ಅಕ್ಕ," ಎಂದಳು ಚಿಕ್ಕವಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟೆಲ್ಲ ನೀನು ನನ್ನ ಕೇಳ್ಬಹುದಿತ್ತಲ್ಲೇ, ಮನೇಲಿ," ಎಂದಳು ದೊಡ್ಡವಳು.

"ಎಲ್ಲರೆದುರೇ ಕೇಳು ಅಂದಿದ್ರಿ."

ಇಸ್ತ್ರಿ ಪೆನ್ನು ಮುಂದೆ ತಳ್ಳಿದರು. "ಊರಿಗೆ ಗೊತ್ತಾದ್ರೆ ಕಂಪನಿ ಮಾನ ಹೋಗತ್ತೆ. ನಾನಾಗೇ ಕೆಲಸ ಬಿಡ್ತಿದೀನಿ ಅಂತ ಬರೀರಿ, ನಾವು ಬಾಯಿ ಬಿಡಲ್ಲ. ಇವತ್ತೇ." ಇಪ್ಪತ್ತೊಂದು ವರ್ಷಕ್ಕೆ ಒಂದೂವರೆ ಸಾಲು ಸಾಕಾಯಿತು.

ಡ್ರಾಯರಿನಲ್ಲಿದ್ದದ್ದನ್ನು ರಟ್ಟಿನ ಡಬ್ಬಕ್ಕೆ ತುಂಬಿಕೊಂಡು ಲಿಫ್ಟಿಗೆ ಬಂದಾಗ ಚಿಕ್ಕವಳೂ ಜೊತೆಗೆ ಹತ್ತಿದಳು. ಬೇರೆ ಯಾರೂ ಇರಲಿಲ್ಲ.

"ತಂಗಿ ಅಂತ ನಂಬಿದ್ದೆ ನಿನ್ನ," ಎಂದಳು ದೊಡ್ಡವಳು.

ಚಿಕ್ಕವಳು ಇಳಿಯುತ್ತಿದ್ದ ಅಂಕಿಗಳನ್ನೇ ನೋಡುತ್ತಿದ್ದಳು. "ಅವತ್ತು ನಾನು ಬಾತ್‌ರೂಮಲ್ಲಿ ಅಳ್ತಿದ್ದಾಗ ನೀವು ಹೊರಗೆ ನಿಂತಿದ್ರಿ. ಬಾಗಿಲ ಕೆಳಗೆ ನಿಮ್ಮ ಚಪ್ಪಲಿ ಕಾಣ್ತಿತ್ತು. ಈಗ ತಟ್ತೀರಾ, ಈಗ ತಟ್ತೀರಾ ಅಂತ ಕಾದೆ. ಆರು ನಿಮಿಷ ನಿಂತಿದ್ರಿ."

ದೊಡ್ಡವಳು ರಟ್ಟಿನ ಡಬ್ಬವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಅದನ್ನೂ ಬರೆದಿಟ್ಟಿದೀನಿ, ತಾರೀಖು ಸಮೇತ. ಪುಸ್ತಕಕ್ಕೆ ಮಾತ್ರ ಹಾಕಲಿಲ್ಲ. ಮನೆ ವಿಷಯ ಅಲ್ವಾ." ಬಾಗಿಲು ತೆರೆಯಿತು. ಚಿಕ್ಕವಳು ಇಳಿಯಲಿಲ್ಲ, ಗುಂಡಿ ಒತ್ತಿ ಮತ್ತೆ ಮೇಲೆ ಹೋದಳು.

ಸಂಜೆ ಮನೆಯಲ್ಲಿ ಚಿಕ್ಕವಳೇ ಎಲ್ಲರಿಗೂ ಹೇಳಿದಳು. ಅಕ್ಕನಿಗೆ ಸುಸ್ತು, ಇಷ್ಟು ವರ್ಷ ದುಡಿದದ್ದು ಸಾಕೆಂದು ಬಿಟ್ಟುಬಿಟ್ಟರು, ಯಾರೂ ಏನೂ ಕೇಳಬೇಡಿ. ದೊಡ್ಡವಳ ಗಂಡ ಹೆಂಡತಿಯ ಹೆಗಲು ತಟ್ಟಿ, "ಒಳ್ಳೇದು ಮಾಡಿದೆ," ಎಂದ. ಅತ್ತೆ ಚಿಕ್ಕವಳನ್ನು ತೋರಿಸಿ ದೊಡ್ಡವಳಿಗೆ, "ನೋಡು, ಎಷ್ಟು ಕಾಳಜಿ ಇವಳಿಗೆ. ಒಡಹುಟ್ಟಿದವರೂ ಹೀಗೆ ನೋಡ್ಕೊಳಲ್ಲ," ಎಂದರು. ದೊಡ್ಡವಳು ತಲೆಯಾಡಿಸಿದಳು. ಇನ್ನು ಬದುಕಿರುವಷ್ಟು ದಿನ ಹೀಗೇ ತಲೆಯಾಡಿಸಬೇಕೆಂದು ಅವಳಿಗೆ ಆಗಲೇ ಗೊತ್ತಾಯಿತು. ಅಷ್ಟು ಲೆಕ್ಕ ತಿಳಿಯದ ದಡ್ಡಿಯೇನಲ್ಲ ಅವಳು.

ಬೆಳಗ್ಗೆ ಅಭ್ಯಾಸಬಲದಿಂದ ಆರೂವರೆಗೇ ಎದ್ದು ಮೇಜಿನ ಮುಂದೆ ಕೂತಳು. ಅತ್ತೆ ಹೊಗೆಯಾಡುವ ಲೋಟ ಹಿಡಿದು ಬಂದರು, ಅವಳನ್ನು ದಾಟಿ ಹೋಗಿ ಚಿಕ್ಕವಳ ಮುಂದೆ ಇಟ್ಟರು. "ಗಾಡಿ ಬರೋ ಹೊತ್ತಾಯ್ತು, ಬೇಗ ಕುಡಿ." ಆಮೇಲೆ ದೊಡ್ಡವಳ ಕಡೆ ನೋಡಿ, "ನಿಂಗೇನು ಅವಸರ, ಆಮೇಲೆ ಕುಡಿದ್ರಾಯ್ತು. ಮೊದ್ಲು ಆ ಬೀನ್ಸ್ ಬಿಡಿಸ್ಕೊಡು," ಎಂದು ಬುಟ್ಟಿ ಮುಂದಿಟ್ಟರು.

ಕೆಳಗೆ ಗಾಡಿಯ ಹಾರ್ನ್ ಕೇಳಿಸಿತು. ಚಿಕ್ಕವಳು ಲೋಟ ಸಿಂಕಿಗಿಟ್ಟು, ಬ್ಯಾಗು ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಅಕ್ಕ, ಮಗಳ ಡಬ್ಬಿ, ಅತ್ತೆ ಮಾತ್ರೆ, ಸ್ಕೂಲ್ ಗಾಡಿ, ಎಲ್ಲ ಎಷ್ಟು ಹೊತ್ತಿಗೆ ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿದೀನಿ. ಮಾಡಿದ್ದಕ್ಕೆಲ್ಲ ಪಕ್ಕದಲ್ಲಿ ಒಂದು ಗುರುತು ಹಾಕ್ಬಿಡಿ, ಸಂಜೆ ಬಂದು ನೋಡ್ತೀನಿ."

ದೊಡ್ಡವಳು ಬೀನ್ಸಿನ ನಾರು ತೆಗೆಯುತ್ತಾ ಹೂಂ ಎಂದಳು. ಫ್ರಿಜ್ಜಿನ ಮೇಲಿನ ಕಾಗದ ಕೂತಲ್ಲಿಂದಲೇ ಕಾಣುತ್ತಿತ್ತು. ಮೇಲ್ಗಡೆ ಅವತ್ತಿನ ತಾರೀಖು ಹಾಕಿತ್ತು, ಅದರ ಕೆಳಗೆ ಮುಂದಿನ ದಿನಗಳು ಸಾಲಾಗಿ, ಹಾಳೆ ಮುಗಿಯುವವರೆಗೂ.