ಹೊಗಳಿದರೆ ಮನೆಯಿಲ್ಲ

ಚಿನ್ನದ ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಬಂಗಾರಪೇಟೆಯ ಅಮ್ಮಾಜಮ್ಮನ ಮನೆಯ ಗೋಡೆಗೆ ಅಂಟಿಕೊಂಡಿದ್ದ ಬಾಡಿಗೆ ಮನೆ ಖಾಲಿಯಾಗಿತ್ತು. ಹಿಂದಿದ್ದವರ ಜಗಳ ಕೇಳಿ ಕೇಳಿ ಸಾಕಾಗಿದ್ದ ಆಕೆಗೆ ಈ ಸಲ ತಣ್ಣಗಿರುವವರು ಬೇಕಿತ್ತು. ಮನೆ ಕೇಳಿ ಬಂದವರ ಹಳೇ ಓನರನ್ನು ವಿಚಾರಿಸುವುದು ಆಕೆಯ ಪದ್ಧತಿ. ಆದರೆ ಓನರು ಹೊಗಳಿದರೆ ಮನೆ ಕೊಡುತ್ತಿರಲಿಲ್ಲ. ಪೀಡೆ ತೊಲಗಲಿ ಅಂತಲೇ ಹೊಗಳುತ್ತಾರೆ ಎಂಬುದು ಆಕೆ ಪೆಟ್ಟು ತಿಂದು ಕಲಿತ ಪಾಠ.

ಈಗ ಕೇಳಿದ್ದವಳು ಆಸ್ಪತ್ರೆಯ ಆಯಾ ಮುನಿನಾರಾಯಣಮ್ಮ. ಅಮ್ಮಾಜಮ್ಮ ಮಂಡಿನೋವು ನುಂಗಿಕೊಂಡು ಬಸ್ಸು ಹತ್ತಿ, ರಾಬರ್ಟ್‌ಸನ್‌ಪೇಟೆಯಲ್ಲಿದ್ದ ಅವಳ ಓನರಮ್ಮ ವೆಂಕಟರತ್ನಮ್ಮನ ಜಗಲಿ ಮುಟ್ಟಿದಳು.

"ಅವಳಾ? ಬಾಯಿ ಬಲು ಜೋರು ಕಣಕ್ಕ. ಕೊಡಬ್ಯಾಡ," ಅಂದಳು ವೆಂಕಟರತ್ನಮ್ಮ.

ಅಮ್ಮಾಜಮ್ಮನಿಗೆ ಹಾಯೆನಿಸಿತು. "ಸರಿ, ಮನೆ ಅವಳ್ಗೇ."

ವೆಂಕಟರತ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಹೊಗಳಿದ್ರೆ ನೀನು ಮನೆ ಕೊಡಲ್ಲ ಅಂತ ಊರಿಗೆಲ್ಲಾ ಗೊತ್ತಕ್ಕ. ಅದ್ಕೇ ಬೈದೆ."

"ಒಳ್ಳೇಳು ಅಂತ ಬೈದ್ಯೋ, ತೊಲಗ್ಲಿ ಅಂತ ಬೈದ್ಯೋ?"

"ಯೋಳಿದ್ರೆ ನಂಬ್ತೀಯಾ?"

ಅಮ್ಮಾಜಮ್ಮ ಮಂಡಿ ನೀವಿಕೊಂಡು ಎದ್ದಳು. ಸಂಜೆ ಮುನಿನಾರಾಯಣಮ್ಮನ ಕೈಗೆ ಬೀಗದಕೈ ಇಟ್ಟು, "ಇನ್ನೊಬ್ಬಳ್ನ ವಿಚಾರ್ಸಕ್ಕೆ ಬಸ್ಸು ಹತ್ತೋ ಶಕ್ತಿ ನನ್ಗಿಲ್ಲ ಕಣಮ್ಮಾ, ಮೆಲ್ಲಗೆ ಮಾತಾಡ್ಕೊಂಡಿರು," ಅಂದಳು.