ಪಕ್ಕದ ಕುರ್ಚಿ

ಡಾಕ್ಟರ ಕೋಣೆಯಲ್ಲಿ ರೋಗಿಗೊಂದು ಕುರ್ಚಿ, ಜೊತೆಗೆ ಬಂದವರಿಗೊಂದು ಕುರ್ಚಿ. ಮಾತೆಲ್ಲ ಎರಡನೆಯದರದ್ದು.

"ಹೇಗಿದ್ದಾಳಮ್ಮ ನಿಮ್ಮ ನಾದಿನಿ?"

"ಬಂಗಾರದ ಹಾಗಿದ್ದಾಳೆ ಡಾಕ್ಟ್ರೇ," ಎಂದಳು ಅತ್ತಿಗೆ. "ಕಿವಿಯಲ್ಲಿ ಆ ದನಿಗಳ ಕಾಟ ಇಲ್ಲ. ಎಂಥಾ ನಿದ್ದೆ ಅಂತೀರಿ! ಅವಳ ಗೊರಕೆಗೆ ಈಗ ನಮಗೇ ಜಾಗರಣೆ."

ಡಾಕ್ಟರಮ್ಮ ನಕ್ಕರು. ರೋಗಿಯ ಕುರ್ಚಿಯಲ್ಲಿದ್ದ ಹೊಲಿಗೆಯವಳೂ ನಕ್ಕಳು. ನಗದಿದ್ದರೆ ಮಂಕಾಗಿದ್ದಾಳೆ ಅನ್ನುತ್ತಾರೆ, ಜೋರಾಗಿ ನಕ್ಕರೆ ಮತ್ತೆ ಕೆರಳಿತು ಅನ್ನುತ್ತಾರೆ; ಎಷ್ಟು ನಗಬೇಕೆಂಬ ಅಳತೆಯೂ ಅವಳಿಗೆ ಈಗ ರೂಢಿಯಾಗಿತ್ತು.

"ತಿಂಗಳ ಮುಟ್ಟು ಸರಿಯಾಗಿ ಆಗ್ತಿದೆಯಾ? ಎದೆ ನೋವು, ಸೋರೋದು ಏನಾದ್ರೂ?"

"ಎಲ್ಲಾ ಸರಿಯಾಗಿದೆ," ಎಂದಳು ಅತ್ತಿಗೆ.

ಸರಿಯಾಗಿರಲಿಲ್ಲ. ಗುಳಿಗೆ ಶುರುವಾದ ಮೇಲೆ ಮುಟ್ಟು ನಿಂತಿತ್ತು. ಮದುವೆಯಾಗದ, ಹೆರದ ಅವಳ ಎದೆಯಲ್ಲಿ ಹಾಲು ಒಸರುತ್ತಿತ್ತು. ಹೇಳಿಕೊಂಡಾಗ ಅತ್ತಿಗೆ ಮೊದಲು ಕೇಳಿದ್ದು, "ಯಾರೇ ಅವನು?" ಆಮೇಲೆ, "ಭ್ರಮೆ ಕಣೇ." ಒಗೆಯುವ ಬಟ್ಟೆಯಲ್ಲಿ ಕಲೆ ಕಂಡ ಮೇಲೆ ಅತ್ತಿಗೆಯ ಬಾಯಿಗೆ ಬೀಗ. ಗುಳಿಗೆ ಬದಲಾದರೆ ಮತ್ತೆ ಆ ದನಿಗಳು, ಮತ್ತೆ ಕೂಗಾಟ, ಬೀದಿಗೆ ಓಡುವುದು ಎಂಬ ಭಯ ಅವಳಿಗೆ. ಬೆನ್ನಟ್ಟಿ ಹಿಡಿದು ತಂದವಳು ಅತ್ತಿಗೆಯೇ. ಅವಳು ಪಟ್ಟ ಪಾಡೂ ಕಡಿಮೆಯದಲ್ಲ.

"ಸರಿಯಾಗಿಲ್ಲ," ಎಂದಳು ಹೊಲಿಗೆಯವಳು.

ಅತ್ತಿಗೆ ಅವಳ ಬೆನ್ನು ಸವರಿದಳು. "ಹಾಗೆಲ್ಲ ಅನ್ನಿಸುತ್ತೆ ಇವಳಿಗೆ."

ಅನ್ನಿಸುತ್ತೆ! ಹಸಿವು ಅಂದರೂ ಅದೇ, ತಲೆನೋವು ಅಂದರೂ ಅದೇ. ಅವಳು ಅಂಗಿಯೊಳಗೆ ಕೈಹಾಕಿ, ಮಡಿಸಿಟ್ಟುಕೊಂಡಿದ್ದ ಒದ್ದೆ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಹಾಲು ಹುಳಿತ ವಾಸನೆ ಹಬ್ಬಿತು.

ಡಾಕ್ಟರಮ್ಮ ಈಗ ಅವಳ ಕಡೆಗೇ ತಿರುಗಿದರು. "ಇದು ಭ್ರಮೆಯಲ್ಲ. ಈ ಗುಳಿಗೆ ತಗೊಂಡ್ರೆ ಕೆಲವರಿಗೆ ಹಾಲಿನ ಹಾರ್ಮೋನು ಏರುತ್ತೆ. ಈಗಲೇ ರಕ್ತ ಕೊಟ್ಟು ಹೋಗು. ಗುಳಿಗೆ ಮಾತ್ರ ನೀನಾಗೇ ಬಿಡಬೇಡ. ರಿಪೋರ್ಟ್ ಬಂದ ಮೇಲೆ ಏನು ಮಾಡೋದು ನೋಡೋಣ. ಆಗಲೂ ಜೊತೆಗೆ ಮನೆಯವರು ಬೇಕು."

ಹೊರಗೆ ಬಂದಾಗ ಅತ್ತಿಗೆಯ ಮುಖ ಊದಿತ್ತು. "ಚೆನ್ನಾಗಿ ಮಾನ ಕಳೆದೆ. ಮುಂದಿನ ಸಲ ನಿಮ್ಮಣ್ಣ ಬರ್ತಾರೆ. ಅವರೆದುರು ಬಿಚ್ಚಿಡು, ಏನು ಬಿಚ್ಚಿಡ್ತೀಯೋ."

ಅಣ್ಣ! ತಂಗಿಯ ಒಳಬಟ್ಟೆ ಒಣಗುತ್ತಿದ್ದರೆ ತಲೆ ತಗ್ಗಿಸಿ ಆಚೆ ಹೋಗುವವನು. ಅವನ ಪಕ್ಕ ಕೂತು ಮುಟ್ಟಿನ ಮಾತೆ? ನಾಲಿಗೆ ಹೊರಳೀತೆ?

"ಬೇಡ ಅತ್ತಿಗೆ. ನೀವೇ ಬನ್ನಿ."

"ಬಂದ್ರೆ ಮಾತಾಡೋಳು ನಾನು. ಆಗಬಹುದಾ?"

ಅಷ್ಟರಲ್ಲಿ ರಕ್ತ ತೆಗೆಯುವವಳು ಕರೆದು ಕೂರಿಸಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಮುಷ್ಟಿ ಹಿಡಿಯಮ್ಮ."

ಹಿಡಿದೇ ಇತ್ತು.